ನಿಷ್ಕ್ರಿಯ ಅಂದ್ರೆ ಸತ್ತೈತೆ

“ಒಳಗ ಬರ್ರಿ ಅಂದ್ರೆ ಬಾಗಿಲಾಚೆನೇ ನಿಂತೀರಲ್ಲ, ಹಸುಗೂಸೇನು ಕಚ್ತೈತಾ?”

ದಿಲ್ಷಾದ್ ಬೇಗಂ ಎಷ್ಟೇ ಛೇಡಿಸಿದರೂ ಅವರ ಗಂಡ ಹಯಾತ್ ಸಾಬ್ ಹರಿಹರದ ಬೀಗರ ಮನೆಯ ಅಂಗಳ ಬಿಟ್ಟು ಕದಲಲಿಲ್ಲ. ಒಳಗೆ ಸೊಸೆ ಬುಷ್ರಾಳ ಮಗ್ಗುಲಲ್ಲಿ ಅವರ ಮೊದಲ ಮೊಮ್ಮಗಳು ಮಲಗಿದ್ದಳು. ಅವಳನ್ನು ನೋಡಲೆಂದೇ ದಾವಣಗೆರೆಯ ವಿನೋಬನಗರದಿಂದ ಲಗೇಜ್ ಆಟೊ ಓಡಿಸಿಕೊಂಡು ಬಂದ ಮನುಷ್ಯ, ಬಾಗಿಲು ಕಂಡದ್ದೇ ತಡ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟಿದ್ದರು.

ಬೀಗತಿ ಬಿಲ್ಕೀಸ್ ಮುಖ ಸಣ್ಣದಾಯಿತು. ಹೆಣ್ಣು ಹುಟ್ಟಿತೆಂದು ಮುನಿಸೇ ಎಂದು ಅವರು ಬಾಯಿಬಿಟ್ಟು ಕೇಳಲಿಲ್ಲ. ಆದರೆ ಬುಷ್ರಾಳ ಕಣ್ಣು ತುಂಬಿದ್ದು ಕಂಡ ಮೇಲೆ ಹಯಾತ್ ಸಾಬ್‌ಗೆ ಇನ್ನು ಬಚ್ಚಿಡಲಾಗಲಿಲ್ಲ, ಎಲ್ಲ ಹೇಳಿಬಿಟ್ಟರು.

ಮಂಡಿಪೇಟೆಯಲ್ಲಿ ಮೂಟೆ ಹೊತ್ತೇ ದೊಡ್ಡವರಾದ ಅವರು ಈಗ ಕೊರಿಯರ್ ಆಫೀಸಿನ ಪಾರ್ಸೆಲ್ ಸಾಗಿಸುತ್ತಾರೆ. ಬೆಳಿಗ್ಗೆ ಒಂದು ಕಾಲೇಜಿನ ಲ್ಯಾಬಿಗೆ ಥರ್ಮಾಕೋಲ್ ಡಬ್ಬಿ ಒಯ್ಯುವಾಗ ಹಂಪ್ ಮೇಲೆ ಆಟೊ ಎಗರಿ, ಡಬ್ಬಿ ವಾಲಿ, ಒಳಗಿಂದ ಸೋರಿದ ನೀರು ಅಂಗೈಗೆಲ್ಲ ಹತ್ತಿತ್ತು. ಏನಿದು ಅಂತ ಕೇಳಿದರೆ, ಸಂಶೋಧನೆಗೆ ತರಿಸಿದ ಇನ್‌ಫ್ಲುಯೆಂಜಾ ಬಿ ವೈರಸ್ಸು, ಹೆದರಬೇಡಿ, ನಿಷ್ಕ್ರಿಯ ಎಂದಿದ್ದಳು ಲ್ಯಾಬಿನ ಸಹನಾ.

ಆ ಪದವೇ ಅವರ ಎದೆಯಲ್ಲಿ ಕೂತುಬಿಟ್ಟಿತು. ಹೋದ ವರ್ಷ ಅವರ ಬ್ಯಾಂಕ್ ಖಾತೆಯೂ ನಿಷ್ಕ್ರಿಯ ಆಗಿತ್ತು. ಹೆಬ್ಬೆಟ್ಟು ಒತ್ತುತ್ತಲೇ ಎದ್ದು ಕೂತಿತ್ತು! ಕೊರೊನಾ ಕಾಲದಲ್ಲಿ ಮನೆಯಲ್ಲಿ ಮೊದಲು ಕೆಮ್ಮಿದ್ದು ಅವರು, ಹೋದದ್ದು ಅವರ ಅಮ್ಮ.

ದಿಲ್ಷಾದ್ ಬೇಗಂ ಫೋನ್ ಕಿತ್ತುಕೊಂಡು, ಪಾರ್ಸೆಲ್ ಕೊಡಲು ಮಾತಾಡಿದ್ದ ನಂಬರ್ ಹುಡುಕಿಸಿ, ಸಹನಾಗೆ ಹಚ್ಚಿ ಸ್ಪೀಕರ್ ಹಾಕಿದರು.

“ಮೇಡಂ,” ಹಯಾತ್ ಸಾಬ್ ಅಂಗಳದಿಂದಲೇ ಕೇಳಿದರು, “ನಿಷ್ಕ್ರಿಯ ಅಂದ್ರೆ ಮಲಗೈತೆ, ಅಷ್ಟೇ ಅಲ್ಲೇನ್ರಿ? ನನ್ನ ಕೈಮ್ಯಾಲೆ ಎದ್ರೆ ಹೆಂಗೆ?”

“ಮಲಗಿಲ್ಲ ಚಾಚಾ, ಸತ್ತೈತೆ. ಮೊಟ್ಟೆಯೊಳಗ ಬೆಳೆಸಿ, ಔಷಧಿ ಹಾಕಿ ಕೊಂದೇ ಕಳ್ಸಿರೋದು. ಬೇಯ್ಸಿದ ಮೊಟ್ಟೆ ಮ್ಯಾಲೆ ಕೋಳಿ ಕೂಡ್ಸಿದ್ರೆ ಮರಿ ಆಗ್ತಾವೇನು?”

ಸೋರಿದ್ದೂ ಐಸಿನ ನೀರಷ್ಟೇ, ಶೀಶೆಗಳೆಲ್ಲ ಸರಿಯಾಗಿವೆ ಅಂದಳು. ಆದರೂ ಹಸುಗೂಸನ್ನು ಮುಟ್ಟುವ ಮುಂಚೆ ಯಾರೇ ಆಗಲಿ ಸೋಪು ಹಾಕಿ ಕೈ ತೊಳೀಬೇಕು ಅಂತ ಸಣ್ಣಗೆ ಗದರಿದಳು ಕೂಡ.

ಹಯಾತ್ ಸಾಬ್ ಉಸಿರು ಬಿಟ್ಟ ರಭಸಕ್ಕೆ ಬಿಲ್ಕೀಸ್‌ಗೆ ನಗು ತಡೆಯಲಾಗಲಿಲ್ಲ. “ನಾನೇನೇನೋ ಅಂದ್ಕೊಂಡಿದ್ದೆ ಭಾಯಿ,” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅವರೇ ನೀರು ಹೊಯ್ದರು. ಹಯಾತ್ ಸಾಬ್ ಮೊಣಕೈತನಕ ನೊರೆ ಬರಿಸಿ ತೊಳೆದರು, ಮತ್ತೊಮ್ಮೆ ತೊಳೆದರು, ಸಾಕು ಬಿಡ್ರಿ ಎಂದು ಹೆಂಡತಿ ಸೋಪು ಕಸಿದುಕೊಂಡ ಮೇಲೆಯೇ ಒಳಗೆ ಹೆಜ್ಜೆ ಇಟ್ಟರು.

ಬುಷ್ರಾ ಕೂಸನ್ನು ಅವರ ಮಡಿಲಿಗಿಟ್ಟಳು. ಅದು ಅವರ ಬೆರಳು ಹಿಡಿದುಕೊಂಡು ಗಟ್ಟಿಯಾಗಿ ಸೀನಿತು. ಎಲ್ಲರೂ ಹಯಾತ್ ಸಾಬ್ ಮುಖ ನೋಡಿದರು. ಅವರು ಮಾತ್ರ ನಗುತ್ತಲೇ ಇದ್ದರು.

“ಬರೋ ಶುಕ್ರವಾರ ನಮಾಜು ಮುಗಿಸ್ಕೊಂಡು ಸೀದಾ ಇಲ್ಲಿಗೇ ಬರ್ತೀನಿ,” ಎಂದರು ಕೂಸಿಗೆ. “ಅವತ್ತು ಯಾರ ಪಾರ್ಸೆಲ್ಲೂ ಬ್ಯಾಡ.”