ಜೀಪಿನ ತಲೆಭಾರ

“ಜೀಪಿಗೆ ತಲೆಭಾರ ಆಗಿದೆ ಮಾರಾಯ್ರೆ, ಮೇಲಿನ ತಿರುವಿನಲ್ಲಿ ಮಗುಚ್ತದೆ!” ನೆಮ್ಮಾರಿನ ಹತ್ತಿರ ಗುಡ್ಡದ ಏರಿನ ಬುಡದಲ್ಲಿ, ಸೊಪ್ಪಿನ ಹೊರೆ ಹೊತ್ತ ಹೆಂಗಸೊಬ್ಬರು ನಮ್ಮ ಫೋರ್‌ವೀಲ್ ಜೀಪಿಗೆ ಅಡ್ಡ ನಿಂತು ಹೇಳಿದರು.

ನನಗೆ ಅರ್ಥವಾಗಲಿಲ್ಲ. ಗುಡ್ಡದ ಮೇಲಿನ ಭಾವನ ಮನೆಯ ಗೃಹಪ್ರವೇಶಕ್ಕೆಂದು ಅಕ್ಕಿಮೂಟೆ, ತಾಮ್ರದ ಹಂಡೆ, ಎಣ್ಣೆ ಡಬ್ಬಗಳನ್ನೆಲ್ಲ ಟಾಪಿನ ಕ್ಯಾರಿಯರ್‌ಗೆ ನಾನೇ ಹೇರಿದ್ದೆ, ಒಳಗೆ ಅತ್ತೆಯವರು ಕಾಲು ಚಾಚಿ ಕೂರಲಿ ಎಂದು. ಬಿದ್ದೀತೆಂಬ ಹೆದರಿಕೆಗೆ ಹಗ್ಗಕ್ಕೆ ಹದಿನಾರು ಗಂಟು ಹಾಕಿ, ಕೊಪ್ಪದಿಂದ ಇಲ್ಲಿಯವರೆಗೆ ನಾಲ್ಕು ಸಲ ಇಳಿದು ಎಳೆದು ನೋಡಿದ್ದೆ.

“ಒಂದೂ ಬೀಳೋದಿಲ್ಲ ಅಮ್ಮ, ಗಂಟು ನೋಡಿ” ಎಂದೆ.

“ಸಾಮಾನು ಬೀಳೋದಿಲ್ಲ, ಸರಿ. ಅದರ ಜೊತೆ ನೀವೆಲ್ಲ ಬೀಳ್ತೀರಿ. ಭಾರದ್ದು ಕೆಳಗಿಳಿಸಿ, ಹಗುರದ್ದು ಮೇಲಿಡಿ” ಎಂದವರು ಒಂದು ಕೈಯಲ್ಲಿ ಹೊರೆ ಹಿಡಿದು, ಇನ್ನೊಂದರಿಂದ ಜೀಪನ್ನು ತಳ್ಳಿದರು. ಅತ್ತೆಯವರ ಸಮೇತ ಗಾಡಿ ತೊಟ್ಟಿಲಿನಂತೆ ತೂಗಿತು.

ಅತ್ತೆಯವರು ಇಳಿದರು. ಮೂಟೆ, ಹಂಡೆ, ಡಬ್ಬ ಎಲ್ಲ ಒಳಗೆ ಅವರು ಕಾಲು ಚಾಚಿದ್ದ ಜಾಗಕ್ಕೆ ಬಂದವು; ಅವರು ಕಾಲು ಮಡಚಿ ಮತ್ತೆ ಹತ್ತಿ ಕೂತರು. ಆ ತಿರುವಿನಲ್ಲಿ ಹಿಂದಿನ ಚಕ್ರ ಚರಂಡಿಗೆ ಜಾರಿ ಜೀಪು ಪೂರ್ತಿ ವಾಲಿತು, ಮಗುಚಲಿಲ್ಲ.

ನಾನು ಹುಟ್ಟಾ ಹೆದರುವವನು. ಆದರೆ ಇಷ್ಟು ವರ್ಷ ಹೆದರಿದ್ದೆಲ್ಲ ಬೇಡದ್ದಕ್ಕೇ ಇರಬಹುದೇ? ಹಾಗಾದರೆ ಇನ್ನು ಮುಂದೆ ಯಾವುದಕ್ಕೆ ಹೆದರಬೇಕು ಎಂಬುದೇ ತಿಳಿಯುತ್ತಿಲ್ಲ.