ಕಸವಿಲ್ಲದ ಹಿತ್ತಲಿನ ಫೋಟೊ

ಮನೆಯ ಕಸದಿಂದ ಕೈತೋಟಕ್ಕೆ ಗೊಬ್ಬರ ಮಾಡುವುದನ್ನು ಊರೂರಿಗೆ ಹೋಗಿ ಕಲಿಸುವುದು ನನ್ನ ನೌಕರಿ. ಕೌಜಲಗಿಯ ಗಂಗವ್ವನವರ ಹಿತ್ತಲಿನಲ್ಲಿ ಕಲಿಸಲು ಏನೂ ಉಳಿದಿರಲಿಲ್ಲ. ಬಚ್ಚಲ ನೀರು ಬಾಳೆಗೆ, ಒಲೆಯ ಬೂದಿ ಬದನೆಗೆ, ಉದುರಿದ ಎಲೆಯೆಲ್ಲ ತಿಪ್ಪೆಗೆ ಹೋಗುತ್ತಿತ್ತು. ಆದರೆ ನಮ್ಮ ಫಾರ್ಮಿಗೆ ಎರಡು ಫೋಟೊ ಬೇಕು: ತರಬೇತಿಗೆ ಮೊದಲು ಕಸ ಬಿದ್ದದ್ದು, ಆಮೇಲೆ ಸ್ವಚ್ಛವಾದದ್ದು. ಕಸವಿಲ್ಲದ ಮನೆಯೂ ಇರಬಹುದೆಂದು ಆ ಫಾರ್ಮ್ ಮಾಡಿದ ಪುಣ್ಯಾತ್ಮನಿಗೆ ಹೊಳೆದೇ ಇಲ್ಲ.

"ಅಕ್ಕಾರ, ಫೋಟೊಕ್ಕ ಸ್ವಲ್ಪ ಕಸಾ ಚೆಲ್ರಿ," ಅಂದೆ.

"ಈಗಷ್ಟ ಕಸಾ ಹೊಡದೇನಿ. ಮತ್ತ ಚೆಲ್ಲಾಕ ನನಗ ಹುಚ್ಚ ಹಿಡದೈತೇನ್ರಿ ಸಾಹೇಬ್ರ?"

ಬೇರೆ ದಾರಿ ಕಾಣದೆ, ಅವರಿಗೆಂದು ತಂದಿದ್ದ ಗೊಬ್ಬರ ಮಾಡುವ ಹೊಸ ಡಬ್ಬಿಯ ಪ್ಯಾಕಿಂಗ್ ಬಿಚ್ಚಿದೆ. ರಟ್ಟು, ಥರ್ಮಾಕೋಲು, ಪ್ಲಾಸ್ಟಿಕ್ಕು, ಕರಪತ್ರ, ಜೊತೆಗೆ ನನ್ನ ಖಾಲಿ ನೀರಿನ ಬಾಟಲಿ. ಹಿತ್ತಲು ತುಂಬಿಹೋಯಿತು.

"ಈಗ ತಗೀರಿ ನಿಮ್ಮ ಫೋಟೊ," ಅಂದರು ಗಂಗವ್ವ. "ಇಷ್ಟ ಕಸಾ ನಮ್ಮ ಮನ್ಯಾಗ ಲಗ್ನದಾಗೂ ಬಿದ್ದಿದ್ದಿಲ್ಲ."

ಆಮೇಲೆ ಅದನ್ನೆಲ್ಲ ಚೀಲಕ್ಕೆ ತುಂಬಿ, ಡಬ್ಬಿಯ ಸಮೇತ ನನ್ನ ಬೈಕಿಗೆ ಕಟ್ಟಿದರು. ಹೊರಡುವ ಮುಂಚೆ ಎರಡನೆಯ ಫೋಟೊ ತೆಗೆದುಕೊಂಡೆ.

ಆಫೀಸಿನವರಿಗೆ ಬಹಳ ಖುಷಿಯಾಗಿದೆ. ಇಷ್ಟು ಬೇಗ ಕಲಿತವರು ತಾಲೂಕಿನಲ್ಲೇ ಇಲ್ಲವಂತೆ.