ಖಾಲಾ ಮತ್ತು ಬಿಸಿನೀರಿನ ಬುಗ್ಗೆ

ರೇಷನ್ ಅಂಗಡಿಯ ಯಂತ್ರ ಖಾಲಾ ಅವರ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. ಬಿಸಿನೀರಿನಲ್ಲಿ ನೆನೆದು ನೆನೆದು ಬೆರಳ ತುದಿಯ ಗೆರೆಗಳೆಲ್ಲ ಅಳಿಸಿ, ಚರ್ಮ ಬಿಳಿಚಿ ನುಣ್ಣಗಾಗಿತ್ತು. ಸೆರಗಿನಲ್ಲಿ ಒರೆಸಿ ಒರೆಸಿ ಒತ್ತಿ, ಕೊನೆಗೆ ಅಂಗಡಿಯವನಿಗೆ, "ನಾನಿನ್ನೂ ಬದುಕಿವ್ನಿ ಅಂತ ಈ ಡಬ್ಬಕ್ಕೆ ಒಸಿ ಹೇಳಪ್ಪ" ಎನ್ನುತ್ತಿದ್ದರು. ಸಾಲಿನಲ್ಲಿ ನಿಂತವರೆಲ್ಲ ನಗುತ್ತಿದ್ದರು, ಅವರೂ ನಗುತ್ತಿದ್ದರು.

ರಾಮನಗರದ ನಮ್ಮ ಬೀದಿಯಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಮನೆಗಳೇ ಹೆಚ್ಚು. ಪಕ್ಕದ ಮನೆಯ ಅವರು ಬೀದಿಯ ಮಕ್ಕಳಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಕುದಿಯುವ ನೀರಿನಲ್ಲಿ ಗೂಡುಗಳು ಕುಣಿಯುತ್ತಿದ್ದರೆ ಬರಿಗೈ ಹಾಕಿ, ಕಣ್ಣಿಗೂ ಕಾಣದ ಎಳೆಯನ್ನು ಹುಡುಕಿ ಚರಕಕ್ಕೆ ಕೊಡುವುದು ಅವರ ಕೆಲಸ. ನನ್ನ ಅಮ್ಮ ಕೈಲಾಂಚದ ಶಾಲೆಯಲ್ಲಿ ಟೀಚರು, ಬೆಳಗಿನ ಮೊದಲ ಬಸ್ಸಿಗೇ ಹೊರಡಬೇಕು. ಹಾಗಾಗಿ ನನಗೆ ಸ್ನಾನ ಮಾಡಿಸಿ, ಜಡೆ ಹಾಕಿ ಶಾಲೆಗೆ ಕಳಿಸುವುದು ಖಾಲಾ ಪಾಲಿಗೆ ಬಂದಿತ್ತು.

ಒಂದು ದಿನ ಅವರು ಬಕೆಟ್ಟಿನಲ್ಲಿ ಬೆರಳದ್ದಿ "ಸರಿ ಐತೆ" ಎಂದು ನನ್ನ ಬೆನ್ನಿಗೆ ಒಂದು ಚೊಂಬು ನೀರು ಹುಯ್ದರು. ನಾನು ಕಿರುಚಿದ ಸದ್ದಿಗೆ ಎದುರು ಮನೆಯ ಚರಕವೂ ನಿಂತಿತಂತೆ. ಸಂಜೆ ಅಮ್ಮ ಬರುವಾಗ ಖಾಲಾ ನಮ್ಮ ಬಾಗಿಲಲ್ಲೇ ನಿಂತಿದ್ದರು. "ಟೀಚರಮ್ಮ, ನಿಮ್ಮ ಮಗೀನ ಸುಟ್ಬುಟ್ಟೆ. ನನ್ನ ಬೆರಳಿಗೆ ಬಿಸಿ ಗೊತ್ತಾಗ್ನಿಲ್ಲ." ಅಮ್ಮ ನನ್ನ ಬೆನ್ನು ನೋಡಿ ಎಣ್ಣೆ ಹಚ್ಚಿದರು. ಮರುದಿನ ಬೆಳಿಗ್ಗೆ ಟವೆಲ್ಲು ಕೊಟ್ಟು ಮತ್ತೆ ಅಲ್ಲಿಗೇ ಕಳಿಸಿದರು. ಅವತ್ತಿನಿಂದ ಖಾಲಾ ತೋಳು ಮಡಿಸಿ, ಮೊಣಕೈ ಅದ್ದಿ ನೋಡದೆ ನನ್ನ ಮೈಮೇಲೆ ಒಂದು ಹನಿ ನೀರು ಹಾಕಿದವರಲ್ಲ.

ನಾನು ದೊಡ್ಡವಳಾಗುವ ಹೊತ್ತಿಗೆ ವಯಸ್ಸಾಗಿ, ಬೆರಳುಗಳಿಗೆ ಎಳೆಯೂ ಸಿಗದೆ ಹೋಗಿ ಅವರು ಕೆಲಸ ಬಿಟ್ಟರು. ಅದಕ್ಕೆ ಅವರು ಅಷ್ಟಾಗಿ ಕೊರಗಲಿಲ್ಲ. ಕೊರಗಿದ್ದು ಮೊಮ್ಮಗಳ ವಿಷಯಕ್ಕೆ. ಮಗಳು ಕೆಲಸಕ್ಕೆ ಹೋದಾಗ ಕೂಸು ಇವರ ಮಡಿಲಲ್ಲೇ ಇರುತ್ತಿತ್ತು. ಒಂದು ಮಧ್ಯಾಹ್ನ ಅದು ಮಂಕಾಗಿದ್ದದ್ದು ಕಂಡು ಹಣೆ ಮುಟ್ಟಿ ನೋಡಿ, ಏನಿಲ್ಲವೆಂದು ತೂಗಿ ಮಲಗಿಸಿದರು. ಸಂಜೆಯ ಹೊತ್ತಿಗೆ ಜ್ವರ ನೆತ್ತಿಗೇರಿ ಫಿಟ್ಸ್ ಬಂತು. ಆಸ್ಪತ್ರೆಗೆ ಓಡಿದೆವು. ಮಗು ಉಳಿಯಿತು, ಆದರೆ ಖಾಲಾ ಅದನ್ನು ಎತ್ತಿಕೊಳ್ಳುವುದನ್ನೇ ಬಿಟ್ಟರು. ಅದು ತೆವಳಿಕೊಂಡು ಹತ್ತಿರ ಬಂದರೂ ಕೈ ಕಟ್ಟಿ ಕೂರುತ್ತಿದ್ದರು. "ಕೆಂಡದಂಗಿತ್ತು ಕೂಸು. ನನ್ನ ಕೈಗೆ ಗೊತ್ತಾಗ್ನಿಲ್ವಲ್ಲ ಬೇಟಿ" ಎನ್ನುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ.

ಆ ದಿನಗಳಲ್ಲೇ ನನ್ನ ಮೊಬೈಲಿನಲ್ಲಿ ಒಂದು ವಿಡಿಯೋ ಕಂಡರು. ಹಿಮಾಚಲದ ಯಾವುದೋ ರಾಷ್ಟ್ರೀಯ ಉದ್ಯಾನ, ಸುತ್ತ ಹಿಮದ ಬೆಟ್ಟ, ನಡುವೆ ಹಬೆಯಾಡುವ ನೀರು.

"ಇದುಕ್ಕೆ ಬೆಂಕಿ ಯಾರು ಹಾಕ್ತಾರೆ?"

"ಯಾರೂ ಇಲ್ಲ ಖಾಲಾ. ಭೂಮಿಯೊಳಗಿಂದ ಹಾಗೇ ಬರುತ್ತೆ. ಕೈಕಾಲು ನೋವಿಗೆ ಒಳ್ಳೇದಂತೆ."

ಅವರು ಬಹಳ ಹೊತ್ತು ನೋಡಿದರು. "ಬೆಂಕಿ ನೀರು ನನ್ನ ಕೈ ತಿಂತು. ಅಲ್ಲಾಹ್ ಕಾಯ್ಸಿದ ನೀರು ವಾಪಸ್ ಕೊಡ್ತದೇನೋ."

ಕೊಡುವುದಿಲ್ಲವೆಂದು ಗೊತ್ತಿದ್ದೂ ರೈಲಿನ ಟಿಕೆಟ್ ಮಾಡಿಸಿದೆ. ಆ ಬೇಸಿಗೆ ರಜೆಯಲ್ಲಿ ಕರೆದುಕೊಂಡು ಹೋದೆ. ರೈಲು, ಬಸ್ಸು, ಆಮೇಲೆ ಅರಣ್ಯದವರ ಗೇಟು ದಾಟಿ ದೇವದಾರು ಮರಗಳ ನಡುವೆ ಏರುದಾರಿ. ನಡೆಯಲಾಗದೆಂದು ಕುದುರೆ ಹತ್ತಿಸಿದರೆ, "ಈ ವಯಸ್ನಲ್ಲಿ ನನ್ನ ಮದ್ವೆ ಗಂಡು ಮಾಡ್ಬುಟ್ಟೆ ಕಣೇ" ಎಂದು ದಾರಿಯುದ್ದಕ್ಕೂ ನಗಿಸಿದರು.

ಬುಗ್ಗೆಯ ಪಕ್ಕ ಹೆಂಗಸರಿಗೆಂದು ಹಲಗೆಯ ಮರೆ ಕಟ್ಟಿದ್ದರು. ನಮಗಿಂತ ಮೊದಲು ಬಂದವರು ಕಾಲಿಟ್ಟು, ಸುಟ್ಟಿತೆಂದು ಕಿರುಚಿ, ನಗುತ್ತಾ ಮತ್ತೆ ಇಳಿಯುತ್ತಿದ್ದರು. ಖಾಲಾ ಕಲ್ಲಿನ ಮೇಲೆ ಕೂತು, ಬಿಸ್ಮಿಲ್ಲಾ ಎಂದು ಎರಡೂ ಕೈ ಮುಳುಗಿಸಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಕಾದರು. ಬೆರಳುಗಳನ್ನು ಅಗಲಿಸಿ, ಗೂಡಿನ ಎಳೆ ಹುಡುಕುವವರ ಹಾಗೆ ನೀರಲ್ಲಿ ಆಡಿಸಿದರು.

"ತಣ್ಗೈತಲ್ಲ ಬೇಟಿ" ಎಂದರು ಮೆಲ್ಲಗೆ. "ಇಷ್ಟು ದೂರ ಬಂದು, ಇಲ್ಲೂ ತಣ್ಗೈತೆ."

ನಾನು ಅವರ ತೋಳು ಹಿಡಿದು, ರವಿಕೆಯ ತೋಳನ್ನು ಮೇಲೆ ಸರಿಸಿ, "ಮೊಣಕೈ ಖಾಲಾ" ಎಂದೆ.

ಮೊಣಕೈ ನೀರಿಗೆ ತಾಗಿದ್ದೇ ಅವರು ಬೆಚ್ಚಿಬಿದ್ದರು. ತೆಗೆಯಲಿಲ್ಲ. ಕಣ್ಣು ಮುಚ್ಚಿ ಹಾಗೇ ಕೂತರು, ಕಣ್ಣೀರು ಗಲ್ಲದಿಂದ ನೀರಿಗೆ ಇಳಿಯುತ್ತಿತ್ತು. "ಕೈ ಹೋದ್ವು ಬುಡು. ಅವು ಬರಾಕಿಲ್ಲ. ಇದೊಂದು ಉಳ್ಕಂಡೈತೆ."

ಊರಿಗೆ ಬಂದ ಸಂಜೆ ಮೊಮ್ಮಗಳನ್ನು ಎತ್ತಿಕೊಂಡರು. ತೋಳು ಮಡಿಸಿ ಮೊಣಕೈಯನ್ನು ಅದರ ಹಣೆಗಿಟ್ಟು ನೋಡಿದರು. ಕೂಸು ಅದೊಂದು ಆಟವೆಂದು ಕೇಕೆ ಹಾಕಿತು. ಆಮೇಲೆ ದಿನಾ ಅದೇ ಆಟ.

ಆ ಆಟ ಬಹಳ ಕಾಲ ನಡೆಯಲಿಲ್ಲ. ಹೋದ ಚಳಿಗಾಲದಲ್ಲಿ ನಿದ್ದೆಯಲ್ಲೇ ಹೋಗಿಬಿಟ್ಟರು. ಅವರ ಕೊನೆಯ ಸ್ನಾನಕ್ಕೆ ನಮ್ಮ ಹಿತ್ತಲ ಒಲೆಯಲ್ಲೇ, ಅವರಲ್ಲಿಯ ಪದ್ಧತಿಯಂತೆ ಎಲಚಿ ಎಲೆ ಹಾಕಿ ನೀರು ಕಾಯಿಸಿದೆವು. ಮೈ ತೊಳೆಯುವುದು ಅವರ ಮನೆಯ ಹೆಂಗಸರ ಕೆಲಸ, ನನ್ನದು ನೀರು ಬೆರೆಸುವುದಷ್ಟೆ. ಅಳುತ್ತಿದ್ದ ಅವರ ಮಗಳು ಕೇಳಿದಳು: "ಅಕ್ಕಾ, ಅಮ್ಮೀಗೆ ಸುಡ್ತದೇನೋ, ಒಸಿ ನೋಡು."

ನನ್ನ ಬೆರಳುಗಳಿಗೆ ಏನೂ ಆಗಿಲ್ಲ, ಅವಕ್ಕೆ ಬಿಸಿ ಚೆನ್ನಾಗಿ ಗೊತ್ತಾಗುತ್ತದೆ. ಆದರೂ ತೋಳು ಮಡಿಸಿ ಮೊಣಕೈಯನ್ನೇ ಅದ್ದಿದೆ. ಸ್ವಲ್ಪ ಬಿಸಿ ಹೆಚ್ಚಾಗಿತ್ತು. ಇನ್ನೊಂದು ಚೊಂಬು ತಣ್ಣೀರು ಬೆರೆಸಿ, ಮತ್ತೆ ಅದ್ದಿ ನೋಡಿ, "ಸರಿ ಐತೆ" ಎಂದೆ.